ಎದೆನೋವೂ ಹೊತ್ತು ಕಳೆಯುವಿಕೆಯೂ



ಮಾನ್ವಿಯ ಸೀಮೆಗೆ ತುಂಗಭದ್ರೆಯ ಎಡದಂಡೆ ಕಾಲುವೆಯಿಂದಲೂ ದೇವದುರ್ಗದ ಸೀಮೆಗೆ ನಾರಾಯಣಪುರದ ಬಲದಂಡೆ ಕಾಲುವೆಯಿಂದಲೂ ನೀರು ಬರುವದನ್ನು ನೀವು ಬಲ್ಲಿರಿ. ಕಿರುಗಾಲುವೆಯೊಂದರಲ್ಲಿ ಹೂಳು ತುಂಬಿದರೆ ಅದರ ಕೆಳಗಣ ಗದ್ದೆಯೆಲ್ಲಾ ಬಾಡುವದು. ಮನುಷ್ಯನ ಹೃದಯವೂ ಹಾಗೆಯೇ. ಅದು ದೇಹಕ್ಕೆಲ್ಲಾ ರಕ್ತವನ್ನು ನೂಕುವದಾದರೂ ಅದರ ಸ್ವಂತ ಮಾಂಸಕ್ಕೆ ರಕ್ತವು ಸಣ್ಣ ನಾಳಗಳ ಮೂಲಕ ಬರತಕ್ಕದ್ದು. ಅಂಥ ನಾಳದೊಳಗೆ ರಕ್ತವು ಹೆಪ್ಪುಗಟ್ಟಿ ದಾರಿಯನ್ನು ಮುಚ್ಚುವದೇ ಹೃದಯಾಘಾತ. ಆದರೆ ಒಂದು ಭೇದವುಂಟು. ಬಾಡಿದ ಪೈರು ತಡವಾಗಿ ನೀರು ಕಂಡರೂ ಚೇತರಿಸೀತು. ಸತ್ತುಹೋದ ಹೃದಯದ ಮಾಂಸವು ತಿರಿಗಿ ಚಿಗುರದು.

1. ಹೊತ್ತು ಕಳೆಯುವದು ಎಲ್ಲಿ?

ದಾರಿಯ ದೂರವೇ ತಡಕ್ಕೆ ಕಾರಣವೆಂದು ಅನೇಕರು ಹೇಳುತ್ತಾರೆ. ಭಾರತದ 50 ಪಟ್ಟಣಗಳ 89 ಆಸ್ಪತ್ರೆಗಳಲ್ಲಿ 20,000ಕ್ಕೆ ಮೇಲ್ಪಟ್ಟ ರೋಗಿಗಳನ್ನು ಕುರಿತು ನಡೆದ ಶೋಧನೆಯೊಂದು 2008ರಲ್ಲಿ ಪ್ರಕಟವಾಯಿತು. ನಾಳವು ಪೂರಾ ಮುಚ್ಚಿದಂಥ ಆಘಾತವಾದವರಲ್ಲಿ ಅರ್ಧ ಮಂದಿ ನೋವು ಹುಟ್ಟಿ 6 ತಾಸು ಕಳೆದ ಮೇಲೆಯೇ ಆಸ್ಪತ್ರೆಯನ್ನು ಮುಟ್ಟಿದರೆಂದು ಅದರಲ್ಲಿ ಕಂಡುಬಂತು. ಅಲ್ಲಿಗೆ ಬಂದ ಮೇಲೆ ಹೆಪ್ಪು ಕರಗಿಸುವ ಔಷಧವು ದೊರೆಯುವದಕ್ಕೆ ಹಿಡಿದದ್ದು ಸುಮಾರು 50 ನಿಮಿಷವೇ. ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ರಾಯಚೂರು 50 ಕಿಲೋಮೀಟರಿನ ಆಸುಪಾಸಿನಲ್ಲಿದೆ. ಅದು 6 ತಾಸಿನ ದಾರಿಯಲ್ಲ. ಹಾಗಾದರೆ ಹೆಚ್ಚಿನ ಹೊತ್ತು ಹೊಸ್ತಿಲ ಒಳಗೇ ಕಳೆಯುತ್ತದೆಂದು ತಿಳಿಯತಕ್ಕದ್ದು.

2. ಅದು ಕಳೆಯುವದು ಹೇಗೆ?

ಮೊದಲು, ನೋವಿಗೆ ಬೇರೆ ಹೆಸರನ್ನು ಇಡುವದರಿಂದ. ವಾಯು ಅನ್ನುವರು, ಪಿತ್ತ ಅನ್ನುವರು, ಗ್ಯಾಸ್ ಅನ್ನುವರು. ಸೋಡಾ ಕುಡಿಸಿ, ಎದೆಗೆ ಎಣ್ಣೆ ತಿಕ್ಕಿ ಮಲಗಿಸುವರು. ಎರಡನೆಯದು, ಕಾಯುವದರಿಂದ. ಬೆಳಗಾಗಲಿ, ಹಣ ಕೂಡಲಿ, ಬೆಂಗಳೂರಿಗೆ ದುಡಿಯಹೋದ ಮಗನು ಬರಲಿ ಅನ್ನುವರು. ಮೂರನೆಯದು, ಸಂಕೋಚದಿಂದ. ವಿಶೇಷವಾಗಿ ಹೆಂಗಸರು ಮನೆಯವರಿಗೆ ತೊಂದರೆ ಯಾಕೆಂದು ನೋವನ್ನು ನುಂಗಿಕೊಳ್ಳುವರು. ನೆರೆಯವರು ಪ್ರಾರ್ಥನೆಗೆ ಕೂಡಿಬರುವದು ಒಳ್ಳೇದೇ. ಆದರೆ ಅದು ಮುಗಿಯಲೆಂದು ಗಾಡಿಯನ್ನು ನಿಲ್ಲಿಸಬೇಡಿರಿ. ಗಾಡಿಯಲ್ಲಿಯೂ ಪ್ರಾರ್ಥಿಸಬಹುದು.

3. ಗುರುತುಗಳು

ಎದೆಯ ನಡುವೆ ಭಾರವಿಟ್ಟಂತೆ ಒತ್ತುವ, ಹಿಂಡುವ ನೋವು, ಅದು ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಿಯುವದು, ತಣ್ಣನೆಯ ಬೆವರು, ಉಸಿರುಕಟ್ಟು, ವಾಂತಿ. ಹೆಂಗಸರಲ್ಲಿಯೂ ಮುದುಕರಲ್ಲಿಯೂ ಸಕ್ಕರೆ ರೋಗವುಳ್ಳವರಲ್ಲಿಯೂ ನೋವು ಅಷ್ಟಾಗಿ ತೋರದೆ ಆಯಾಸವೂ ಉಬ್ಬಸವೂ ಮಾತ್ರ ಕಾಣಬಹುದು. ಪ್ರಾಯದವರಿಗೆ ಇದು ಬಾರದೆಂದು ಎಣಿಸಬೇಡಿರಿ. ನಟರಾದ ಪುನೀತ್ ರಾಜ್‌ಕುಮಾರ್ ಅವರು 2021ನೇ ಅಕ್ಟೋಬರ್ 29ರಲ್ಲಿ ತೀರಿಕೊಂಡಾಗ ಅವರಿಗೆ 46 ವರುಷ.

4. ಮಾಡತಕ್ಕದ್ದು

ರೋಗಿಯನ್ನು ಹೊಲದಿಂದಾಗಲಿ ಮನೆಯಿಂದಾಗಲಿ ನಡಿಸಬೇಡಿರಿ. ಕೂಡ್ರಿಸಿ, ಕೂಡಲೇ 108ಕ್ಕೆ ಫೋನ್ ಮಾಡಿರಿ. ಆಂಬುಲೆನ್ಸ್ ತಡವಾಗುವದಾದರೆ ಸಿಕ್ಕಿದ ಗಾಡಿಯಲ್ಲಿ ಹೊರಡಿರಿ. ರೋಗಿಯೇ ಬೈಕನ್ನು ನಡಿಸಬಾರದು. ಆಸ್ಪಿರಿನ್ ಮಾತ್ರೆಯನ್ನು ವೈದ್ಯರು ಹೇಳಿದರೆ ಅಗಿದು ನುಂಗಿಸಿರಿ. ಆಸ್ಪತ್ರೆಯ ಬಾಗಿಲಲ್ಲಿ "ಎದೆನೋವು, ಇಷ್ಟು ಗಂಟೆಗೆ ಹುಟ್ಟಿತು" ಎಂದು ಮೊದಲು ಹೇಳಿ ಇ.ಸಿ.ಜಿ. ಕೇಳಿರಿ.

ಹಣದ ಭಯದಿಂದ ನಿಲ್ಲಬೇಡಿರಿ. ಪುನೀತರ ಹೆಸರಿನಲ್ಲಿ ಕರ್ನಾಟಕ ಸರ್ಕಾರವು 2023ರಲ್ಲಿ ಹೃದಯಜ್ಯೋತಿ ಯೋಜನೆಯನ್ನು ಆರಂಭಿಸಿತು. ಅದಕ್ಕೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದಯವೈದ್ಯರು ನೋಡಿ ಹೇಳುವರು. ತಕ್ಕ ರೋಗಿಗೆ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಹಣವಿಲ್ಲದೆ ಕೊಡುವರು. ಇಂಥ ಮದ್ದು ಮೊದಲ 3 ತಾಸಿನೊಳಗೆ ಬಹಳ ಫಲ ಕೊಡುವದು. 12 ತಾಸು ಕಳೆದರೆ ಸಾಮಾನ್ಯವಾಗಿ ಅದರಿಂದ ಪ್ರಯೋಜನವಿಲ್ಲ. ಆದದರಿಂದ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಉಂಟೋ ಎಂದು ಸೌಖ್ಯವಾಗಿರುವಾಗಲೇ ವಿಚಾರಿಸಿಕೊಳ್ಳಿರಿ.

ನೋವು ವಾಯುವಿನದೇ ಆಗಿದ್ದರೆ ಒಂದು ರಾತ್ರಿಯ ನಿದ್ರೆಯೂ ಗಾಡಿಯ ಬಾಡಿಗೆಯೂ ಹೋದಾವು. ಹೃದಯದ್ದಾಗಿದ್ದರೆ ಹೋಗುವದು ಮನೆಯ ಯಜಮಾನನು ಅಥವಾ ಮಕ್ಕಳ ತಾಯಿ.

ಪ್ರಶ್ನೆಗಳು

(1) ಹೃದಯದ ಮಾಂಸಕ್ಕೂ ಬಾಡಿದ ಪೈರಿಗೂ ಇರುವ ಭೇದವೇನು?
(2) ಮನೆಯಲ್ಲಿ ಹೊತ್ತು ಕಳೆಯುವ ಮೂರು ವಿಧಗಳು ಯಾವವು?
(3) ನಿಮ್ಮ ಊರಿನಲ್ಲಿ ರಾತ್ರಿವೇಳೆ ಗಾಡಿ ಕೊಡುವವರು ಯಾರು? ಅವರ ಫೋನ್ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿದ್ದೀರೋ?