ಮೋಡದೊಳಗೆ ಹಾರುವವರಿಗೆ ಏಳು ಸೂತ್ರ

ಅಮೆರಿಕದಲ್ಲಿ ಸಣ್ಣ ವಿಮಾನದ ಖಾಸಗಿ ಪೈಲಟ್ ಇನ್‌ಸ್ಟ್ರುಮೆಂಟ್ ರೇಟಿಂಗ್ ಗಳಿಸಿದರೆ ಮೋಡದೊಳಗೂ ಹಾರಬಹುದು. ಅದಕ್ಕೆ ಉಪಕರಣಗಳನ್ನಷ್ಟೇ ನೋಡಿ ಹಾರಿದ 40 ಗಂಟೆಗಳ ಅನುಭವ ಬೇಕು. ಆಮೇಲೆ ಕಾನೂನು ಬಲು ಉದಾರಿ. ಕಷ್ಟ ಇರುವುದೂ ಅಲ್ಲೇ.

1. ಮೈ ಹೇಳಿದ್ದನ್ನು ನಂಬಬೇಡಿ. ದಿಗಂತ ಮರೆಯಾದರೆ ಒಳಕಿವಿ ಮೋಸ ಮಾಡುತ್ತದೆ. ವಿಮಾನ ಮೆಲ್ಲಗೆ ವಾಲುತ್ತಿದ್ದರೂ ನೆಟ್ಟಗಿದೆ ಅನ್ನಿಸುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಉಪಕರಣ ನೋಡಿ ಹಾರುವ ತರಬೇತಿಯಿಲ್ಲದ 20 ಮಂದಿಯನ್ನು ಪರೀಕ್ಷಿಸಿತು. ಎಲ್ಲರೂ ಹತೋಟಿ ತಪ್ಪಿದರು, ಸರಾಸರಿ 178 ಸೆಕೆಂಡಿನಲ್ಲಿ. 1999ರ ಜುಲೈನಲ್ಲಿ ಕಿರಿಯ ಜಾನ್ ಎಫ್. ಕೆನಡಿ ಸಮುದ್ರಕ್ಕೆ ಬಿದ್ದು ಸತ್ತದ್ದೂ ಹೀಗೇ. ಅವರಿಗೆ ರೇಟಿಂಗ್ ಇರಲಿಲ್ಲ. ಮಬ್ಬು ಕವಿದ ಕತ್ತಲ ರಾತ್ರಿಯೇ ಸಾಕಾಯಿತು.

2. ಕಣ್ಣು ಒಂದೇ ಮುಳ್ಳಿಗೆ ಅಂಟಿಕೊಳ್ಳದಿರಲಿ. ಕೃತಕ ದಿಗಂತ, ಎತ್ತರ, ವೇಗ, ದಿಕ್ಕು, ಮತ್ತೆ ಕೃತಕ ದಿಗಂತ. ಅಭ್ಯಾಸದಲ್ಲಿ ಒಮ್ಮೊಮ್ಮೆ ಆ ದಿಗಂತಕ್ಕೇ ಚೀಟಿ ಅಂಟಿಸಿ ಹಾರಿ, ಅದೂ ಕೈಕೊಡಬಹುದು.

3. ಎರಡನೇ ಊರನ್ನು ನೆಲದ ಮೇಲಿರುವಾಗಲೇ ಗೊತ್ತುಮಾಡಿ. ನೀವು ತಲುಪುವ ಹೊತ್ತಿನ ಒಂದು ಗಂಟೆ ಹಿಂದೆಮುಂದೆ ಮೋಡದ ತಳ 2,000 ಅಡಿಗಿಂತ ಅಥವಾ ಗೋಚರತೆ 3 ಮೈಲಿಗಿಂತ ಕಡಿಮೆಯಾಗುವ ಮುನ್ಸೂಚನೆ ಇದ್ದರೆ ಬದಲಿ ನಿಲ್ದಾಣ ಕಡ್ಡಾಯ. ಅಲ್ಲಿಗೂ ಹೋಗಿ, ಮೇಲೆ 45 ನಿಮಿಷ ಹಾರುವಷ್ಟು ಇಂಧನ ಇರಬೇಕು.

4. ನಿಯಂತ್ರಕರು ರೇಡಿಯೋದಲ್ಲಿ ಕೊಡುವ ಕ್ಲಿಯರೆನ್ಸ್ (ಹಾರಾಟದ ಅನುಮತಿ) ಬರೆದುಕೊಳ್ಳಿ, ಓದಿ ಒಪ್ಪಿಸಿ.

5. ಇಳಿಯುವ ಮೊದಲೇ ಮೇಲೇರುವ ದಾರಿ ಬಾಯಿಪಾಠವಾಗಿರಲಿ. ರೇಡಿಯೋ ಸಂಕೇತದಿಂದ ರನ್‌ವೇಗೆ ದಾರಿ ತೋರುವ ಸಾಮಾನ್ಯ ಐಎಲ್‌ಎಸ್‌ನಲ್ಲಿ ನೆಲದಿಂದ ಸುಮಾರು 200 ಅಡಿ ಎತ್ತರದಲ್ಲಿ ತೀರ್ಮಾನ ಆಗಬೇಕು. ರನ್‌ವೇ ಅಥವಾ ಅದರ ದೀಪ ಕಂಡಿತೇ? ಇಳಿಯಿರಿ. ರನ್‌ವೇಗೂ ಮುಂಚಿನ ಅಪ್ರೋಚ್ ದೀಪ ಮಾತ್ರ ಕಂಡಿತೇ? 100 ಅಡಿವರೆಗೆ ಬರಬಹುದು, ಅಷ್ಟೇ. ಏನೂ ಕಾಣಲಿಲ್ಲವೇ? ಪೂರ್ತಿ ಪವರ್, ಮೂಗು ಮೇಲೆ, ಆಮೇಲೆ ರೇಡಿಯೋ ಮಾತು. ‘ಇನ್ನೊಂದಿಪ್ಪತ್ತಡಿ ಇಳಿದು ನೋಡೋಣ’ ಎಂಬ ಆಸೆಗೆ ಬಲಿಯಾದವರು ಹೊಸಬರಷ್ಟೇ ಅಲ್ಲ. ಗೋಚರತೆ ಮಿತಿಗಿಂತ ಕಡಿಮೆ ಎಂಬ ವರದಿ ಬಂದರೆ ಏರ್‌ಲೈನ್ ಪೈಲಟ್ ಅಪ್ರೋಚ್‌ನ (ಇಳಿಯಲು ಬರುವ ದಾರಿಯ) ಕೊನೆಯ ಹಂತ ಶುರುಮಾಡುವಂತೆಯೇ ಇಲ್ಲ. ಖಾಸಗಿಯವರಿಗೆ ಆ ತಡೆಯಿಲ್ಲ. ಏನೂ ಕಾಣದ ಮಂಜಿನಲ್ಲಿ ಟೇಕಾಫ್ ಮಾಡಿದರೂ ಕಾನೂನು ಸುಮ್ಮನಿರುತ್ತದೆ. ಇಬ್ಬರು ಪೈಲಟ್‌ಗಳಿರುವ ಜೆಟ್‌ಗೆ ಇಲ್ಲದ ಸ್ವಾತಂತ್ರ್ಯ ಒಬ್ಬಂಟಿಗನಿಗೆ! ಆದ್ದರಿಂದ ನಿಮ್ಮದೇ ಮಿತಿ ಇಟ್ಟುಕೊಳ್ಳಿ. ಹೊಸದರಲ್ಲಿ ಮೋಡದ ತಳ 1,000 ಅಡಿ ಇರಲಿ ಎನ್ನುವುದು ನನ್ನ ಸಲಹೆ. ಅದನ್ನು ಬರೆದಿಡಿ, ಮನೆಗೆ ಹೋಗುವ ಅವಸರದಲ್ಲಿ ತಿದ್ದಬೇಡಿ.

6. ಕೈ ಬಳಕೆಯಲ್ಲಿರಲಿ. ಆರು ತಿಂಗಳಲ್ಲಿ ಆರು ಅಪ್ರೋಚ್, ಜೊತೆಗೆ ಹೋಲ್ಡಿಂಗ್ (ಒಂದೇ ಕಡೆ ಸುತ್ತುತ್ತ ಕಾಯುವುದು) ಎನ್ನುತ್ತದೆ ನಿಯಮ. ಅದು ಕನಿಷ್ಠ. ಅಂದಹಾಗೆ, ರೆಕ್ಕೆಗೆ ಕಟ್ಟುವ ಹಿಮಕ್ಕೂ ಗುಡುಗುಮೋಡಕ್ಕೂ ನಿಮ್ಮ ರೇಟಿಂಗ್ ಲೆಕ್ಕಕ್ಕಿಲ್ಲ.

7. ಟವರ್ ಇಲ್ಲದ ಊರಲ್ಲಿ ಇಳಿದ ಕೂಡಲೇ ಫೋನ್ ಮಾಡಿ ನಿಮ್ಮ ಫ್ಲೈಟ್ ಪ್ಲಾನ್ ರದ್ದುಮಾಡಿಸಿ. ಮರೆತರೆ ನಿಮ್ಮ ಹಿಂದಿನವರು ಮೇಲೆ ಮೋಡದಲ್ಲೇ ಸುತ್ತುತ್ತಿರುತ್ತಾರೆ, ಕೆಳಗೆ ನಿಮಗಾಗಿ ಹುಡುಕಾಟ ಶುರುವಾಗುತ್ತದೆ.