ಲೆಕ್ಕ ಮಾಡುವುದು ಬೇರೆ, ತೋರಿಸುವುದು ಬೇರೆ

ಸೆಲ್ಸಿಯಸ್ ಉಷ್ಣತೆಯನ್ನು ಫ್ಯಾರನ್‌ಹೀಟ್‌ಗೆ ಬದಲಿಸುವ ಪುಟ್ಟ ಪೈಥಾನ್ ಪ್ರೋಗ್ರಾಮು ಒಂದೇ ಓಟದ ಸಾಲುಗಳಲ್ಲಿಯೂ ಸರಿಯಾಗಿ ನಡೆಯುವುದರಿಂದ, ಅದನ್ನು ಫಂಕ್ಷನ್‌ಗಳಾಗಿ, ಅಂದರೆ ಹೆಸರಿಟ್ಟು ಬೇಕಾದಾಗ ಕರೆಯಬಹುದಾದ ಆದೇಶಗಳ ಗುಂಪುಗಳಾಗಿ, ಒಡೆಯುವ ಅಗತ್ಯ ಹೊಸದಾಗಿ ಕಲಿಯುವವರಿಗೆ ಕಾಣುವುದಿಲ್ಲ. ಆದರೂ ಅಂಕಿ ಪಡೆಯುವುದು, 9/5ರಿಂದ ಗುಣಿಸಿ 32 ಕೂಡಿಸುವುದು, ಉತ್ತರ ತೋರಿಸುವುದು ಎಂಬ ಮೂರು ಕೆಲಸಗಳಲ್ಲಿ ನಡುವಿನದನ್ನಾದರೂ ಮೊದಲು ಬೇರ್ಪಡಿಸುವುದು ಒಳ್ಳೆಯದು. ಆ ಫಂಕ್ಷನ್ ಉತ್ತರವನ್ನು ಪ್ರಿಂಟ್ ಮೂಲಕ ಪರದೆಗೆ ಬರೆಯದೆ, ರಿಟರ್ನ್ ಮೂಲಕ ತನ್ನನ್ನು ಕರೆದ ಸಾಲಿಗೇ ಹಿಂದಿರುಗಿಸಬೇಕು. ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿಯೇ, ಏಕೆಂದರೆ ಪರದೆಯ ಮೇಲಿನ ಅಂಕಿ ಕಣ್ಣಿಗೆ ಕಂಡರೂ ಮುಂದಿನ ಲೆಕ್ಕಕ್ಕೆ ಸಿಗುವುದಿಲ್ಲ. ಹೀಗೆ ಬೇರ್ಪಟ್ಟ ಲೆಕ್ಕವನ್ನು, ಪ್ರತಿ ಸಲ ಕೀಲಿಮಣೆಯಿಂದ ಅಂಕಿ ಕೇಳದೆಯೇ, 100ಕ್ಕೆ 212 ಮತ್ತು ಮೈನಸ್ 40ಕ್ಕೆ ಮೈನಸ್ 40 ಬರುತ್ತದೆಯೇ ಎಂದು ನೇರವಾಗಿ ಪರೀಕ್ಷಿಸಬಹುದು.