ಹಣೆಬರಹ ಮತ್ತು ಹಣೆಯ ಶಿಲುಬೆ: ಸುರಪುರದ ಒಂದು ಮನೆತನದ ಪಾಠ

ಓದಿಕೊಳ್ಳಿ: ಅರಸುಗಳು ಎರಡನೆಯ ಗ್ರಂಥ 20:1-6, ಮತ್ತಾಯ 1:1-17



"ಅಪ್ಪ ಕುಡುಕ, ಮಗ ಇನ್ನೇನಾದಾನು?" "ಅವರ ಮನೆತನಕ್ಕೇ ಶಾಪ ಇದೆ." "ಹಣೆಗೆ ಬರೆದದ್ದು ತಪ್ಪೀತೇ?" ಇಂಥ ಮಾತುಗಳನ್ನು ನಾವು ದಿನವೂ ಕೇಳುತ್ತೇವೆ. ಭಾನುವಾರ ಬಲಿಪೂಜೆ ಮುಗಿಸಿ ಗುಡಿಯ ಬಾಗಿಲು ದಾಟುವ ಮುಂಚೆಯೇ ನಮ್ಮ ಬಾಯಿಂದಲೂ ಒಮ್ಮೊಮ್ಮೆ ಬಂದುಬಿಡುತ್ತವೆ. ಒಂದು ಮನೆತನದ ಚರಿತ್ರೆ ಆ ಮನೆಯ ಮಕ್ಕಳ ಮುಂದಿನ ಬಾಳನ್ನು ಮೊದಲೇ ಬರೆದಿಟ್ಟಿರುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ನೆರೆಯಲ್ಲೇ ನಡೆದ ಒಂದು ಕಥೆಯನ್ನು ನೋಡೋಣ.

ಸುರಪುರದ ನಾಯಕರು

ಶಹಾಪುರದ ಮಲಗಿದ ಬುದ್ಧನ ಗುಡ್ಡವನ್ನು ಹಿಂದೆ ಬಿಟ್ಟು ದಕ್ಷಿಣಕ್ಕೆ ಹೊರಟರೆ ಸುರಪುರ ಸಿಗುತ್ತದೆ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಈ ನಾಡನ್ನು ಬೇಡ ನಾಯಕರ ಮನೆತನ ತಲೆಮಾರುಗಳವರೆಗೆ ಆಳಿತು. ಶೌರ್ಯಕ್ಕೆ ಹೆಸರಾದ ಮನೆತನವದು. 1705ರಲ್ಲಿ ಮೊಗಲ್ ಚಕ್ರವರ್ತಿ ಔರಂಗಜೇಬನು ಮುಪ್ಪಿನ ವಯಸ್ಸಿನಲ್ಲಿ ತಾನೇ ದೊಡ್ಡ ಸೈನ್ಯ ತಂದು ಇವರ ವಾಗಿನಗೇರಿ ಕೋಟೆಯನ್ನು ಮುತ್ತಬೇಕಾಯಿತು. ಕೋಟೆ ಹೋಯಿತು, ಮನೆತನ ಉಳಿಯಿತು.

ಆದರೆ ಹೊರಗಿನ ಸೈನ್ಯಕ್ಕೆ ಬಗ್ಗದ ಮನೆ ಒಳಗಿನಿಂದ ಸೊರಗಬಹುದು. 1841ರಲ್ಲಿ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಅವರ ಮಗ ವೆಂಕಟಪ್ಪನಿಗೆ ಸುಮಾರು ಏಳು ವರ್ಷ. ನಿಜಾಮನಿಗೆ ಕೊಡಬೇಕಾದ ಹಣದ ಸಾಲ ರಾಜ್ಯದ ಮೇಲೆ ಹೊರೆಯಾಗಿತ್ತು. ಮಗುವಿನ ಹೆಸರಿನಲ್ಲಿ ಆಡಳಿತ ಯಾರು ನಡೆಸಬೇಕೆಂದು ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಚಿಕ್ಕಪ್ಪ ಪಿಡ್ಡ ನಾಯಕ ಇನ್ನೊಂದು ಕಡೆ. ಆಗ ಬಂದವರು ನಿಜಾಮನ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ಕ್ಯಾಪ್ಟನ್ ಮೆಡೋಸ್ ಟೇಲರ್. 1853ರವರೆಗೆ ಅವರು ಅಲ್ಲಿದ್ದು ಸಂಸ್ಥಾನವನ್ನು ನೋಡಿಕೊಂಡರು. ಅವರ ಬಂಗಲೆ 'ಟೇಲರ್ ಮಂಜಿಲ್' ಇಂದಿಗೂ ಸುರಪುರದ ಗುಡ್ಡದ ಮೇಲಿದೆ. ತಂದೆಯಿಲ್ಲದ ಬಾಲಕ ಅವರನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ.

ಬರೆದಿಟ್ಟ ಜಾತಕ

ಟೇಲರ್ ಅವರ ಆತ್ಮಕಥೆ ಅವರು ತೀರಿಕೊಂಡ ಮರುವರ್ಷ, 1877ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ವಿಷಯ ಮನಸ್ಸನ್ನು ಕಲಕುತ್ತದೆ. ವೆಂಕಟಪ್ಪ ಹುಟ್ಟಿದಾಗ ಜೋಯಿಸರು ಜಾತಕ ಬರೆದಿದ್ದರು: ಈ ಮಗು ತನ್ನ 24ನೆಯ ವರ್ಷದಲ್ಲಿ ಸಾಯುತ್ತದೆ ಎಂದು. ಆ ಗುಟ್ಟನ್ನು ತಾಯಿ ಎದೆಯೊಳಗೆ ಇಟ್ಟುಕೊಂಡು ಮಗನನ್ನು ಸಾಕಿದಳು. ಮುಂದೊಂದು ದಿನ ಟೇಲರ್ ಅವರಿಗೂ ಅದು ತಿಳಿಯಿತು.

ಒಂದು ಕ್ಷಣ ಆ ತಾಯಿಯ ಸ್ಥಾನದಲ್ಲಿ ನಿಂತು ನೋಡಿರಿ. ಮಗ ಹೊಸ ಬಟ್ಟೆ ತೊಟ್ಟು ಬಂದಾಗ, ಕುದುರೆ ಏರಿದಾಗ, ಪ್ರತಿ ಹುಟ್ಟುಹಬ್ಬದಲ್ಲಿ ಆಕೆ ಉಳಿದ ವರ್ಷಗಳನ್ನು ಎಣಿಸಿರಬೇಕಲ್ಲವೇ?

1858ರಲ್ಲಿ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದರು. ಫೆಬ್ರವರಿಯಲ್ಲಿ ಸುರಪುರದ ಬಳಿ ಕದನ ನಡೆದು ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ನ್ಯೂಬೆರಿ ಸತ್ತನು. ನಾಯಕರು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದರು. ಟೇಲರ್ ಸೆರೆಮನೆಗೆ ಹೋಗಿ ಭೇಟಿ ಮಾಡಿದಾಗ ಅವರು 'ಅಪ್ಪಾ' ಎಂದು ಅಪ್ಪಿಕೊಂಡು ಅತ್ತರು. ಆದರೆ ತಮ್ಮನ್ನು ಪ್ರೇರಿಸಿದವರ ಹೆಸರು ಹೇಳಲು ಒಪ್ಪಲಿಲ್ಲ. ಪ್ರಾಣ ಉಳಿಸಿಕೊಳ್ಳಲು ಜೊತೆಯವರನ್ನು ಹಿಡಿದುಕೊಡುವುದು ಅವರಿಗೆ ಸಾವಿಗಿಂತ ಕೀಳೆನಿಸಿತು. ಆ ಧೈರ್ಯವನ್ನು ನಾಡು ಇಂದಿಗೂ ಗೌರವದಿಂದ ನೆನೆಯುತ್ತದೆ.

ಮರಣದಂಡನೆಯ ತೀರ್ಪು ಮೊದಲು ಜೀವಾವಧಿ ಗಡೀಪಾರಿಗೆ ಇಳಿಯಿತು. ಬಳಿಕ ಗವರ್ನರ್ ಜನರಲ್ ಅದನ್ನು ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಸಿದರು. ಮದರಾಸಿನ ಕಡೆಯ ಚೆಂಗಲ್‌ಪಟ್ಟಿಗೆ ಕರೆದೊಯ್ಯುವಾಗ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ನಾಯಕರು ಸತ್ತರು. ಅದು ಹೇಗಾಯಿತೆಂಬ ಮಾತು ಇನ್ನೂ ಮುಗಿದಿಲ್ಲ. ಅವರಿಗೆ ಆಗ 24ನೆಯ ವರ್ಷ. 1860ರಲ್ಲಿ ಸುರಪುರ ನಿಜಾಮನ ರಾಜ್ಯಕ್ಕೆ ಸೇರಿತು.

ಜಾತಕ ನಿಜವಾಯಿತೇ?

"ನೋಡಿದಿರಾ, ಬರೆದದ್ದೇ ಆಯಿತು!" ಎಂದು ಯಾರಾದರೂ ಹೇಳಬಹುದು. ಸ್ವಲ್ಪ ತಾಳಿ. ಈ ಮನೆಯನ್ನು ಕೆಡವಿದ್ದು ಯಾವುದು? ಹಿಂದಿನ ತಲೆಮಾರು ಬಿಟ್ಟುಹೋದ ಸಾಲ, ಅರಮನೆಯ ಒಳಜಗಳ, ದೇಶವನ್ನೇ ನುಂಗುತ್ತಿದ್ದ ಪರಕೀಯರ ಅಧಿಕಾರ. ಇವುಗಳಲ್ಲಿ ಒಂದೂ ನಕ್ಷತ್ರ ಮಾಡಿದ್ದಲ್ಲ, ಎಲ್ಲವೂ ಮನುಷ್ಯರು ಮಾಡಿದ್ದು. ಕೊನೆಗೆ ಬಂದ ತೀರ್ಪೂ ಸಾವಿನದಾಗಿರಲಿಲ್ಲ, ನಾಲ್ಕು ವರ್ಷಗಳದಾಗಿತ್ತು. ಬದುಕಿನ ಬಾಗಿಲು ತೆರೆದೇ ಇತ್ತು.

ಯೇಸುಸ್ವಾಮಿಯ ವಂಶಾವಳಿ

ಸಂತ ಮತ್ತಾಯನು ತನ್ನ ಶುಭಸಂದೇಶವನ್ನು ಒಂದು ಮನೆತನದ ಚರಿತ್ರೆಯಿಂದಲೇ ಆರಂಭಿಸುತ್ತಾನೆ. ಕ್ರಿಸ್ತಜಯಂತಿಯ ಹೊತ್ತಿನಲ್ಲಿ ಆ ಉದ್ದನೆಯ ಹೆಸರುಗಳನ್ನು ಓದುವಾಗ ನಮಗೆ ಬೇಸರ ಬರುವುದುಂಟು. ಆದರೆ ಅಲ್ಲಿ ಒಂದರ ಹಿಂದೆ ಒಂದಾಗಿ ನಾಲ್ಕು ಹೆಸರುಗಳಿವೆ: ಹಿಜ್ಕೀಯ, ಮನಸ್ಸೆ, ಆಮೋನ, ಯೋಷೀಯ.

ಹಿಜ್ಕೀಯ ಕಾಯಿಲೆ ಬಿದ್ದಾಗ ಪ್ರವಾದಿ ಯೆಶಾಯನೇ ಬಂದು, ನೀನು ಸಾಯುವೆ, ಮನೆಯ ವ್ಯವಸ್ಥೆ ಮಾಡಿಕೋ ಎಂದನು. ಇದು ಜೋಯಿಸರ ಮಾತಲ್ಲ, ದೇವರ ಪ್ರವಾದಿಯ ಮಾತು! ಆದರೂ ಹಿಜ್ಕೀಯ ಗೋಡೆಯ ಕಡೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸಿದನು. ಯೆಶಾಯನು ನಡು ಅಂಗಳ ದಾಟುವ ಮುಂಚೆಯೇ ದೇವರು ಅವನನ್ನು ಹಿಂದಕ್ಕೆ ಕಳುಹಿಸಿ 15 ವರ್ಷಗಳ ಆಯುಷ್ಯ ಕೂಡಿಸಿದರು. ನಮ್ಮ ದೇವರು ಕಾಗದದಲ್ಲಿ ಬರೆದು ಮಡಿಚಿಟ್ಟ ವಿಧಿಯಲ್ಲ, ಕಣ್ಣೀರನ್ನು ಕಾಣುವ ತಂದೆ.

ಅಂಥ ಒಳ್ಳೆಯ ತಂದೆಯ ಮಗ ಮನಸ್ಸೆ ಕಣಿಶಕುನಗಳ ಬೆನ್ನುಹತ್ತಿ ದೇವರನ್ನು ಮರೆತನು. ಅವನ ಮಗ ಆಮೋನನೂ ಅದೇ ದಾರಿ ಹಿಡಿದನು. 'ಈ ಮನೆತನದ ಕಥೆ ಮುಗಿಯಿತು' ಎನ್ನುವಷ್ಟರಲ್ಲಿ ಎಂಟು ವರ್ಷದ ಯೋಷೀಯ ಪಟ್ಟಕ್ಕೆ ಬಂದನು. ವೆಂಕಟಪ್ಪನಂತೆಯೇ ತಂದೆಯಿಲ್ಲದ ಬಾಲರಾಜ. ಅಪ್ಪನ ದಾರಿಯನ್ನೂ ಅಜ್ಜನ ದಾರಿಯನ್ನೂ ಬಿಟ್ಟು ಅವನು ದೇವರ ಕಡೆ ತಿರುಗಿದನು. ಅವನೂ ಯುದ್ಧದಲ್ಲಿ ಮಡಿದನೆಂಬುದು ನಿಜ. ವಿಶ್ವಾಸವು ದೀರ್ಘಾಯುಷ್ಯದ ಭರವಸೆಪತ್ರವಲ್ಲ. ಆದರೆ ಅವನ ಬಾಳು ಅಪ್ಪನ ಬಾಳಿನ ನಕಲಾಗಲಿಲ್ಲ.

ತಂದೆಗಳು ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತವಾಗುತ್ತದೆ ಎಂಬ ಗಾದೆಯನ್ನು ಇನ್ನು ಆಡಬಾರದೆಂದು ಪ್ರವಾದಿ ಯೆಜೆಕಿಯೇಲನ ಮೂಲಕ ದೇವರೇ ತಿಳಿಸಿದ್ದಾರೆ (18:2-3). ಧರ್ಮಸಭೆಯ ಬೋಧನೆಯೂ ಸ್ಪಷ್ಟವಾಗಿದೆ. 1992ರ 'ಕಥೋಲಿಕ ಧರ್ಮಸಭೆಯ ಧರ್ಮೋಪದೇಶ'ವು ಜಾತಕ, ಹಸ್ತರೇಖೆ, ಶಕುನ ನೋಡುವುದು ದೇವರೊಬ್ಬರಿಗೇ ಸಲ್ಲಬೇಕಾದ ಗೌರವ ಮತ್ತು ಭಯಭಕ್ತಿಗೆ ವಿರುದ್ಧವೆಂದು ಹೇಳುತ್ತದೆ (2116). ಇದು ನೆರೆಹೊರೆಯ ಅನ್ಯಧರ್ಮೀಯರನ್ನು ಹಳಿಯುವ ಮಾತಲ್ಲ. ಮದುವೆ ಮಾತುಕತೆಯ ಹೊತ್ತಿಗೆ ಗುಟ್ಟಾಗಿ ಜಾತಕ ತೋರಿಸಿಕೊಂಡು ಬರುವ ನಮ್ಮದೇ ಮನೆಗಳಿಗೆ ಹೇಳಿದ ಮಾತು.

ಹಣೆಯ ಮೇಲೆ ಬರೆದದ್ದು

ಜಾತಕ ಬರೆಯಲು ಜೋಯಿಸರೇ ಬೇಕೆಂದಿಲ್ಲ. "ನೀನು ಉದ್ಧಾರ ಆಗೋದಿಲ್ಲ", "ನೀನೂ ನಿಮ್ಮಪ್ಪನ ಹಾಗೇ" ಎಂದು ಸಿಟ್ಟಿನಲ್ಲಿ ಹೇಳುವ ತಂದೆತಾಯಿ ಮಗುವಿನ ಜಾತಕವನ್ನು ತಾವೇ ಬರೆಯುತ್ತಿರುತ್ತಾರೆ. ಮಗು ಆ ಮಾತನ್ನು ನಂಬುತ್ತದೆ.

ದೀಕ್ಷಾಸ್ನಾನದ ದಿನವನ್ನು ನೆನೆಯಿರಿ. ಗುರುಗಳು ಕೂಸಿನ ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿದರು. ಆಮೇಲೆ ತಂದೆತಾಯಿಗೂ ಜ್ಞಾನಪೋಷಕರಿಗೂ ಹಾಗೆಯೇ ಮಾಡಲು ಹೇಳಿದರು. ನಮ್ಮ ಮಕ್ಕಳ ಹಣೆಯ ಮೇಲೆ ನಾವು ನಮ್ಮ ಕೈಯಾರೆ ಬರೆದ ಬರಹ ಅದು. ಮನೆತನದ ಸಾಲ, ಕುಡಿತ, ಜಗಳ ಇವನ್ನು ಮುಚ್ಚಿಡಬೇಕಿಲ್ಲ. ಮತ್ತಾಯನೂ ಮುಚ್ಚಿಡಲಿಲ್ಲ. ಅವುಗಳಿಂದ ಪಾಠ ಕಲಿತು, ಪಶ್ಚಾತ್ತಾಪಪಟ್ಟು, ಮುಂದಿನ ಸಾಲನ್ನು ದೇವರ ಕೈಗೆ ಕೊಡೋಣ.

ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಅಜ್ಜ ಅಜ್ಜಿಯರಿಂದ ಬಂದ ಯಾವ ಒಳ್ಳೆಯ ಗುಣಕ್ಕೆ ದೇವರಿಗೆ ಕೃತಜ್ಞತೆ ಹೇಳಬೇಕು?
2. ನಮ್ಮ ತಲೆಮಾರಿಗೇ ನಿಲ್ಲಬೇಕಾದ ಕೆಟ್ಟ ಚಾಳಿ ಯಾವುದು?
3. ಮಕ್ಕಳಿಗೆ ಸಿಟ್ಟಿನಲ್ಲಿ ಆಡಿದ ಯಾವ ಮಾತನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳಬೇಕು?

ಈ ವಾರದ ಅಭ್ಯಾಸ: ರಾತ್ರಿ ಜಪಸರದ ನಂತರ, ಮಲಗುವ ಮುಂಚೆ, ತಂದೆ ಅಥವಾ ತಾಯಿ ಪ್ರತಿಯೊಂದು ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿ ಆಶೀರ್ವದಿಸಲಿ.

ಪ್ರಾರ್ಥನೆ: ಓ ತಂದೆಯಾದ ದೇವರೇ, ನಮ್ಮ ಹಿರಿಯರನ್ನು ಕರುಣೆಯಿಂದ ನೆನೆಯಿರಿ. ಅವರ ತಪ್ಪುಗಳು ನಮ್ಮ ಮಕ್ಕಳ ಕಾಲಿಗೆ ಸರಪಳಿಯಾಗದಿರಲಿ. ನಮ್ಮ ದಿನಗಳು ನಿಮ್ಮ ಕೈಯಲ್ಲಿವೆ ಎಂದು ನಂಬಿ, ಹೆದರದೆ ಬಾಳಲು ವರ ಕೊಡಿರಿ. ಆಮೆನ್.